ಕೂಸಿನ ಹಾಲೂ ಕಾರ್ಮಿಕರ ಪ್ರಶ್ನೆಯೇ

(ಸಂಘದ ಸದಸ್ಯರ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ವೇದಿಕೆಯ ಮೇಲೆ ಪಗಾರ, ಬೋನಸ್ಸು, ಪ್ರಾವಿಡೆಂಟ್ ಫಂಡು, ಪಾಳಿಯ ತಾಸು ಇವುಗಳ ಮಾತು ಬಂದರೆ ಯಾರಿಗೂ ಆಶ್ಚರ್ಯವಿಲ್ಲ. ಇಂದು ನಾವು ಎಳೆಗೂಸಿನ ಹಾಲಿನ ಮಾತು ಎತ್ತಿದ್ದೇವೆ. “ಇದು ಹೆಂಗಸರ ಮಾತು, ಸಂಘಕ್ಕೇಕೆ?” ಎಂದು ಹಿಂದಿನ ಸಾಲಿನ ಕೆಲವು ಗೆಳೆಯರು ನಗುತ್ತಿರುವುದೂ ಕಾಣುತ್ತಿದೆ. ನಗಲಿ. ಮಾತು ಮುಗಿಯುವ ಹೊತ್ತಿಗೆ ಇದು ಸಂಘದ ಮಾತೇ ಹೌದೆಂದು ಅವರೂ ಒಪ್ಪಿಯಾರು ಎಂಬ ಭರವಸೆ ನಮಗಿದೆ.

ನಾವು ಡಾಕ್ಟರರಲ್ಲ. ಏಳನೆಯ ತರಗತಿ ಮುಗಿಸಿ ಊರಿನ ಬಸ್ಸು ಹತ್ತಿ ಬಂದು, ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಮಾಣಿಯಾಗಿ, ಆಮೇಲೆ ಸಂಘದ ಕೆಲಸಕ್ಕೆ ಇಳಿದವರು. ಇಂದು ಹೇಳುವುದು ಮಕ್ಕಳ ಡಾಕ್ಟರರನ್ನೂ ಅಂಗನವಾಡಿಯ ಬಾಯಿಯರನ್ನೂ ಕೇಳಿ, ಓದಿ, ಮತ್ತೆ ಕೇಳಿ ಖಾತ್ರಿ ಮಾಡಿಕೊಂಡ ಸಂಗತಿಗಳನ್ನು ಮಾತ್ರ. ಆದರೆ ಹಾಲಿನ ಒಡನಾಟ ನಮಗೆ ಹೊಸದಲ್ಲ. ಬೆಳಗು ಹರಿಯುವ ಮುಂಚೆ ಹಾಲಿನ ಕ್ಯಾನು ಇಳಿಸಿ, ಕಾಸಿ, ಕೆನೆ ತೆಗೆದು, ರಾತ್ರಿಯವರೆಗೆ ಮುಂಬಯಿಗೆಲ್ಲ ಚಹಾ-ಕಾಫಿ ಕುಡಿಸುವ ಜನ ನಾವು. ಇಂಥವರ ಮನೆಯಲ್ಲಿ ಕೂಸಿಗೆ ಯಾವ ಹಾಲು, ಯಾವಾಗ, ಎಷ್ಟು ದಿನ ಎಂಬ ತಿಳಿವಳಿಕೆ ಇಲ್ಲದಿದ್ದರೆ ಅದು ಚೆಂದವಲ್ಲ.

ತಾಯಿಹಾಲಿನ ಲೆಕ್ಕ

ಮೊದಲು ಎಲ್ಲರೂ ಬಲ್ಲ ಮಾತನ್ನೇ ಹೇಳುತ್ತೇವೆ. ಬಲ್ಲೆವೆಂದುಕೊಂಡು ಅದನ್ನು ಬಿಟ್ಟುಬಿಡುವುದೇ ಹೆಚ್ಚು. ಹುಟ್ಟಿದ ಒಂದು ತಾಸಿನೊಳಗೆ ಕೂಸಿಗೆ ತಾಯಿಯ ಮೊಲೆ ಕೊಡಬೇಕು. ಮೊದಲು ಬರುವ ಹಳದಿ ಬಣ್ಣದ ಗಟ್ಟಿ ಹಾಲು ಕೆಟ್ಟದ್ದಲ್ಲ. ರೋಗ ತಡೆಯುವ ಶಕ್ತಿ ಅದರಲ್ಲಿಯೇ ಹೆಚ್ಚು. ಅದನ್ನು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನುತುಪ್ಪ, ಸಕ್ಕರೆನೀರು ಹಚ್ಚುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ವರ್ಷದೊಳಗಿನ ಕೂಸಿಗೆ ಜೇನು ಅಪಾಯಕಾರಿ. ಆರು ತಿಂಗಳು ತುಂಬುವವರೆಗೆ ತಾಯಿಹಾಲಲ್ಲದೆ ನೀರೂ ಬೇಡ. ಬೇಸಿಗೆಯಲ್ಲಿಯೂ ಬೇಡ, ಆ ಹಾಲಿನಲ್ಲಿಯೇ ಕೂಸಿಗೆ ಬೇಕಾದಷ್ಟು ನೀರಿದೆ. ಆರು ತಿಂಗಳ ಮೇಲೆ ಮೆತ್ತಗಿನ ಊಟ ಸೇರಿಸಿ, ಎರಡು ವರ್ಷದವರೆಗೂ, ಅದರಾಚೆಗೂ ಮೊಲೆಹಾಲು ನಡೆಸಬಹುದು. ಜಗತ್ತಿನ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ.

ಆದರೆ ನಮ್ಮ ದೇಶದಲ್ಲಿ ನಡೆಯುವುದೇನು? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಹುಟ್ಟಿದ ತಾಸಿನೊಳಗೆ ಮೊಲೆ ಸಿಕ್ಕ ಮಕ್ಕಳು ನೂರಕ್ಕೆ ೪೨. ಆರು ತಿಂಗಳೊಳಗಿನ ಕೂಸುಗಳಲ್ಲಿ ಬರಿಯ ತಾಯಿಹಾಲು ಕುಡಿಯುತ್ತಿದ್ದವು ನೂರಕ್ಕೆ ೬೪. ಉಳಿದವಕ್ಕೆ ನೀರು, ಹಸುವಿನ ಹಾಲು, ಎಮ್ಮೆಯ ಹಾಲು, ಡಬ್ಬಿಯ ಪುಡಿ.

ಹಸುವಿನ ಹಾಲು ಹಸುವಿನ ಕರುವಿಗಾಗಿ ಆದದ್ದು. ಕರು ಬೇಗ ಬೆಳೆಯಬೇಕು, ಎದ್ದು ಓಡಬೇಕು. ಆದಕಾರಣ ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು ಮೂರೂಕಾಲು ಗ್ರಾಂ ಪ್ರೋಟೀನು ಇದೆ. ತಾಯಿಹಾಲಿನಲ್ಲಿ ಸುಮಾರು ಒಂದೇ ಗ್ರಾಂ. “ಹೆಚ್ಚಿದ್ದರೆ ಒಳ್ಳೆಯದಲ್ಲವೆ?” ಎಂದು ಕೇಳಬಹುದು. ಅಲ್ಲ. ಹತ್ತು ಕಿಲೋ ಹೊರುವ ಹುಡುಗನ ತಲೆಯ ಮೇಲೆ ಮೂವತ್ತು ಕಿಲೋ ಮೂಟೆ ಇಟ್ಟಂತೆ ಅದು. ಕೂಸಿನ ಎಳೆಯ ಮೂತ್ರಪಿಂಡಕ್ಕೆ ಆ ಭಾರ ಹೆಚ್ಚು. ಎಮ್ಮೆಯ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ಇನ್ನಷ್ಟು ಹೆಚ್ಚು. ಎರಡರಲ್ಲಿಯೂ ಕಬ್ಬಿಣದ ಸತ್ವ ತೀರ ಕಡಿಮೆ. ತಾಯಿಹಾಲಿನಲ್ಲಿಯೂ ಅದು ಹೆಚ್ಚಿಲ್ಲ, ಆದರೆ ಇದ್ದಷ್ಟು ಮೈಗೆ ಚೆನ್ನಾಗಿ ಹತ್ತುತ್ತದೆ. ವರ್ಷ ತುಂಬುವ ಮುಂಚೆ ಹಸುವಿನ ಹಾಲನ್ನೇ ಮುಖ್ಯ ಆಹಾರ ಮಾಡಿದರೆ ಕೆಲವು ಕೂಸುಗಳ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಸೋರುತ್ತದೆ. ಕೂಸು ದುಂಡಗೆ ಕಾಣುತ್ತದೆ, ಒಳಗೆ ರಕ್ತ ಬಿಳಿಚಿರುತ್ತದೆ.

“ನಾವೂ ಹಸುವಿನ ಹಾಲು ಕುಡಿದೇ ಬೆಳೆದವರಲ್ಲವೆ?” ಎಂಬ ಮಾತು ಪ್ರತಿ ಸಭೆಯಲ್ಲಿಯೂ ಬರುತ್ತದೆ. ಬಂಧುಗಳೇ, ಬದುಕಿದವರು ಸಭೆಗೆ ಬರುತ್ತಾರೆ. ಬದುಕದ ಕೂಸುಗಳ ಪರವಾಗಿ ಎದ್ದು ನಿಂತು ಲೆಕ್ಕ ಕೊಡುವವರು ಯಾರು? ನಮ್ಮ ಅಜ್ಜಿಯರನ್ನು ಕೇಳಿ ನೋಡಿ: ಹೆತ್ತದ್ದು ಎಷ್ಟು, ಉಳಿದದ್ದು ಎಷ್ಟು ಎಂದು.

ಡಬ್ಬಿ ಬಂದ ದಾರಿ

ಇನ್ನು ಡಬ್ಬಿಯ ಮಾತು. ಹೆಂಡತಿ-ಮಕ್ಕಳನ್ನು ಊರಲ್ಲಿ ಬಿಟ್ಟು ಇಲ್ಲಿ ದುಡಿಯುವ ನಮ್ಮ ಗೆಳೆಯರಲ್ಲಿ ಒಂದು ರೂಢಿಯಿದೆ. ಕೂಸು ಹುಟ್ಟಿದ ಸುದ್ದಿ ಬಂದೊಡನೆ ಮುಂಬಯಿಯಿಂದ ಎರಡು ಡಬ್ಬಿ ಹಾಲಿನ ಪುಡಿ, ಒಂದು ಬಾಟಲಿ ಕಳಿಸುವುದು. ಊರಿನವರೂ “ಮುಂಬಯಿ ಅಪ್ಪ ಡಬ್ಬಿ ಕಳಿಸಿದ” ಎಂದು ನಾಲ್ಕು ಮನೆಗೆ ಹೇಳುತ್ತಾರೆ. ಪ್ರೀತಿಯಿಂದ ಮಾಡುವ ಕೆಲಸ, ಸುಳ್ಳಲ್ಲ. ಆದರೆ ಬಾಟಲಿಯ ರುಚಿ ಕಂಡ ಕೂಸು ಮೊಲೆ ಎಳೆಯುವುದು ಕಡಿಮೆಯಾಗುತ್ತದೆ. ಕೂಸು ಎಳೆದಷ್ಟೇ ಹಾಲು ಊರುವುದು, ಎಳೆಯದಿದ್ದರೆ ಬತ್ತುವುದು. ಎರಡು ತಿಂಗಳಲ್ಲಿ ತಾಯಿಯ ಹಾಲು ನಿಂತಿತು, ಡಬ್ಬಿಯೂ ತೀರಿತು. ಆಮೇಲೆ ತಿಂಗಳ ಕೊನೆಯಲ್ಲಿ ಮೂರು ಚಮಚ ಪುಡಿ ಹಾಕುವಲ್ಲಿ ಎರಡು ಚಮಚ, ಎರಡರಲ್ಲಿ ಒಂದು. ಹಾಲಿಗೆ ನೀರು ಸುರಿದರೆ ಏನಾಗುತ್ತದೆಂದು ಹೋಟೆಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಿರಾಕಿಯಾದರೆ ಬೈದು ಹೋಗುತ್ತಾನೆ. ಕೂಸು ಬೈಯಲಾರದು, ಸೊರಗುತ್ತದೆ.

ನಮ್ಮ ಚಾಳುಗಳಲ್ಲಿ ನೀರು ಬರುವುದು ತಾಸು, ಎರಡು ತಾಸು. ಒಂದೇ ಖೋಲಿಯಲ್ಲಿ ಆರೇಳು ಜನ. ಬಾಟಲಿ ಮತ್ತು ರಬ್ಬರು ತೊಟ್ಟನ್ನು ದಿನಕ್ಕೆ ಆರು-ಎಂಟು ಸಲ ತೊಳೆದು ಕುದಿಸುವುದು ಎಷ್ಟು ಮನೆಗಳಲ್ಲಿ ಆದೀತು? ಕುದಿಸದ ಬಾಟಲಿ ಬೇಧಿಗೆ ನೇರ ದಾರಿ.

ಈ ವ್ಯಾಪಾರದ ವಿರುದ್ಧ ಕೂಗು ಎದ್ದು ಬಹಳ ಕಾಲವಾಯಿತು. ೧೯೩೯ರಲ್ಲಿ ಸಿಂಗಾಪುರದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ಮಹಿಳಾ ಡಾಕ್ಟರರು ರೋಟರಿ ಕ್ಲಬ್ಬಿನ ದೊಡ್ಡ ಮನುಷ್ಯರ ಎದುರು ‘ಹಾಲು ಮತ್ತು ಕೊಲೆ’ ಎಂಬ ಹೆಸರಿಟ್ಟೇ ಭಾಷಣ ಮಾಡಿದರು. ಸಿಹಿ ಗಟ್ಟಿಹಾಲಿನ ಡಬ್ಬಿಯನ್ನು ಕೂಸಿನ ಆಹಾರವೆಂದು ನಂಬಿಸಿ ಮಾರಿದ್ದರಿಂದ ಬಡವರ ಮಕ್ಕಳು ಸಾಯುತ್ತಿರುವುದನ್ನು ಅವರು ಕಣ್ಣಾರೆ ಕಂಡಿದ್ದರು. ೧೯೭೭ರಲ್ಲಿ ಅಮೆರಿಕದಲ್ಲಿ ಇಂಥ ಪ್ರಚಾರದ ವಿರುದ್ಧ ಬಹಿಷ್ಕಾರ ಚಳವಳಿ ಹೊರಟಿತು. ೧೯೮೧ರಲ್ಲಿ ಜಗತ್ತಿನ ಆರೋಗ್ಯ ಸಂಸ್ಥೆಯ ಸಭೆ ಡಬ್ಬಿಹಾಲಿನ ಮಾರಾಟಕ್ಕೆ ನಿಯಮಾವಳಿ ಮಾಡಿತು. ನಮ್ಮ ದೇಶದಲ್ಲಿ ೧೯೯೨ರಲ್ಲಿ ಕಾನೂನು ಬಂತು, ೨೦೦೩ರಲ್ಲಿ ಅದು ಇನ್ನೂ ಬಿಗಿಯಾಯಿತು.

ಆ ಕಾನೂನಿನ ಮಾತನ್ನು ನಮ್ಮ ಜನ ತಿಳಿದಿರಬೇಕು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿಹಾಲು, ಬಾಟಲಿ, ಶಿಶು ಆಹಾರ ಇವುಗಳಿಗೆ ಜಾಹೀರಾತು ಕೂಡದು. ಹಾಲಿನ ಡಬ್ಬಿಯ ಮೇಲೆ ತಾಯಿಯ ಚಿತ್ರವಾಗಲಿ ಕೂಸಿನ ಚಿತ್ರವಾಗಲಿ ಹಾಕಕೂಡದು. ತಾಯಿಹಾಲೇ ಶ್ರೇಷ್ಠವೆಂದು ಡಬ್ಬಿಯ ಮೇಲೆ ಬರೆದಿರಲೇಬೇಕು. ಬಾಣಂತಿಗೆ ಪುಕ್ಕಟೆ ಡಬ್ಬಿ ಕೊಡಕೂಡದು. ಡಾಕ್ಟರರಿಗೆ, ದಾದಿಯರಿಗೆ ಕಂಪನಿ ಕಾಣಿಕೆ ಕೊಡಕೂಡದು. ತಪ್ಪಿದರೆ ಮೂರು ವರ್ಷದವರೆಗೆ ಸಜೆಯುಂಟು. ಆದಕಾರಣ ಯಾವ ಹೆರಿಗೆ ಮನೆಯಲ್ಲಾಗಲಿ, ಕೇಳದೆಯೇ ಡಬ್ಬಿಯ ಹೆಸರು ಬರೆದ ಚೀಟಿ ಕೈಗಿಟ್ಟರೆ “ಇದೇಕೆ ಬೇಕು?” ಎಂದು ಧೈರ್ಯವಾಗಿ ಕೇಳಿರಿ.

ಹಾಗೆಂದು ಡಬ್ಬಿಯೇ ಪಾಪವೆಂದು ನಾವು ಹೇಳುವುದಿಲ್ಲ. ತಾಯಿ ಇಲ್ಲದ ಕೂಸಿದೆ, ಕಠಿಣ ಕಾಯಿಲೆಯ ತಾಯಿ ಇದ್ದಾಳೆ. ಅಂಥಲ್ಲಿ ಡಾಕ್ಟರರು ಹೇಳಿದ ಅಳತೆಯಲ್ಲಿ ಡಬ್ಬಿಹಾಲು ಜೀವ ಉಳಿಸುತ್ತದೆ. ನಮ್ಮ ಮೈಸೂರಿನಲ್ಲಿ ೧೯೫೦ರಲ್ಲಿ ಆರಂಭವಾದ ಆಹಾರ ಸಂಶೋಧನಾಲಯದ ವಿಜ್ಞಾನಿಗಳೇ ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದು, ಆನಂದದ ಸಹಕಾರಿ ಡೇರಿಗೆ ಕೊಟ್ಟವರು. ಅದು ಅಗತ್ಯವಿದ್ದವರಿಗಾಗಿ ಮಾಡಿದ ಕೆಲಸ. ಅಗತ್ಯವಿಲ್ಲದವರ ತಲೆಗೆ ಕಟ್ಟುವುದು ಬೇರೆ. ಅಲ್ಲದೆ ಇನ್ನೊಂದು ದಾರಿಯೂ ಇದೆ. ನಮ್ಮ ಮಾಟುಂಗಾದ ಪಕ್ಕದಲ್ಲೇ ಇರುವ ಸಾಯನ್ ಆಸ್ಪತ್ರೆಯಲ್ಲಿ ೧೯೮೯ರಲ್ಲಿ ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ಅವರು ತಾಯಿಹಾಲಿನ ಬ್ಯಾಂಕು ತೆರೆದರು. ಏಷ್ಯಾ ಖಂಡದಲ್ಲಿಯೇ ಅದು ಮೊದಲನೆಯದು. ಹಾಲು ಹೆಚ್ಚಿರುವ ತಾಯಂದಿರು ಕೊಟ್ಟದ್ದನ್ನು ಪರೀಕ್ಷಿಸಿ, ಹದವಾದ ಶಾಖದಲ್ಲಿ ಶುದ್ಧಮಾಡಿ, ದಿನ ತುಂಬದೆ ಹುಟ್ಟಿದ ಎಳೆಗೂಸುಗಳಿಗೆ ಕುಡಿಸುತ್ತಾರೆ. ರಕ್ತದಾನವನ್ನು ನಾವು ಬಲ್ಲೆವು. ಇದು ಹಾಲಿನ ದಾನ.

ಹಾಲೇ ಒಗ್ಗದ ಕೂಸು

ಈಗ ಹೆಚ್ಚು ಜನರಿಗೆ ತಿಳಿಯದ ವಿಷಯಕ್ಕೆ ಬರುತ್ತೇವೆ. ಕೆಲವು ಕೂಸುಗಳಿಗೆ ಹಸುವಿನ ಹಾಲು, ಎಮ್ಮೆಯ ಹಾಲು ಮೈಗೇ ಒಗ್ಗುವುದಿಲ್ಲ. ಡಾಕ್ಟರರು ಇದಕ್ಕೆ ಹಾಲಿನ ಅಲರ್ಜಿ ಎನ್ನುತ್ತಾರೆ.

ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ನಡೆದದ್ದನ್ನು, ಅವರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಹೇಳುತ್ತೇವೆ. ಅವರ ಮನೆಯವರು ಒಂದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸದಲ್ಲಿದ್ದರು. ಹೆರಿಗೆಯಾಗಿ ಮೂರು ತಿಂಗಳಿಗೆ “ಬರುವುದಿದ್ದರೆ ಬಾ, ಇಲ್ಲದಿದ್ದರೆ ಬೇರೆಯವಳನ್ನು ಇಡುತ್ತೇವೆ” ಎಂದು ಹೇಳಿಕಳಿಸಿದರು. ಆಕೆ ಹೋದಳು, ಕೂಸಿಗೆ ಅಜ್ಜಿ ಡಬ್ಬಿಹಾಲು ಕುಡಿಸಿದಳು. ಅರ್ಧ ತಾಸಿನಲ್ಲಿ ತುಟಿ ಊದಿತು, ಮೈತುಂಬ ಪಿತ್ತಗಂಧೆಯಂಥ ದದ್ದು ಎದ್ದಿತು. ದೃಷ್ಟಿಯಾಗಿದೆ ಎಂದು ಉಪ್ಪು-ಮೆಣಸಿನಕಾಯಿ ನಿವಾಳಿಸಿದರು. ಮರುದಿನ ಮತ್ತೆ ಹಾಗೆಯೇ ಆಯಿತು. ಡಬ್ಬಿ ಒಗ್ಗದಿದ್ದರೆ ಆಡಿನ ಹಾಲು ಕೊಡಿ ಎಂದು ನೆರೆಮನೆಯವರು ಹೇಳಿದರು. ಆಡಿನ ಹಾಲು ಕುಡಿದ ರಾತ್ರಿ ಕೂಸಿನ ಉಸಿರು ಸಿಳ್ಳೆ ಹೊಡೆಯತೊಡಗಿತು. ಮುನಿಸಿಪಾಲಿಟಿಯ ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಡಾಕ್ಟರರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಏನು ಕುಡಿಸಿದಿರಿ?” ಕೂಸು ಉಳಿಯಿತು. ತಾಯಿ ಮತ್ತೆ ಮೊಲೆಗೆ ಹಚ್ಚಿದಳು. ಈಗ ಮಗು ಎರಡನೆಯ ವರ್ಷದಲ್ಲಿ ಆಡಿಕೊಂಡಿದೆ. ತಾಯಿಯ ಕೆಲಸ ಮಾತ್ರ ಹೋಯಿತು.

ಅಲರ್ಜಿ ಎಂದರೇನು? ಮಿಲ್ಲಿನ ಗೇಟಿನ ಪಹರೆಯವನು ಒಳಬರುವ ಕೆಲಸಗಾರನನ್ನೇ ಕಳ್ಳನೆಂದು ತಿಳಿದು ಸೀಟಿ ಊದಿ ಗಲಾಟೆ ಎಬ್ಬಿಸಿದ ಹಾಗೆ. ನಮ್ಮ ಮೈಯಲ್ಲಿ ರೋಗವನ್ನು ತಡೆಯುವ ಕಾವಲು ಇದೆಯಷ್ಟೆ? ಅದು ಹಾಲಿನ ಪ್ರೋಟೀನನ್ನು ಶತ್ರುವೆಂದು ತಪ್ಪು ತಿಳಿಯುತ್ತದೆ. ಹೊರದೇಶಗಳ ಲೆಕ್ಕದಲ್ಲಿ ಇದು ನೂರು ಕೂಸುಗಳಲ್ಲಿ ಎರಡು-ಮೂರಕ್ಕಿಂತ ಹೆಚ್ಚಿಗೆ ಇಲ್ಲ. ಬರಿಯ ತಾಯಿಹಾಲು ಕುಡಿಯುವ ಕೂಸುಗಳಲ್ಲಿ ಇನ್ನೂ ಕಡಿಮೆ.

ಇದರಲ್ಲಿ ಎರಡು ಬಗೆ. ಒಂದು, ಕುಡಿದ ಕೆಲವು ನಿಮಿಷಗಳಿಂದ ಎರಡು ತಾಸಿನೊಳಗೆ ಕಾಣುವುದು: ದದ್ದು, ತುಟಿ-ಕಣ್ಣು ಊದುವುದು, ವಾಂತಿ, ಉಬ್ಬಸ. ಉಸಿರು ಕಟ್ಟಿದರೆ, ಕೂಸು ಬಿಳಿಚಿ ಜೋಲುಬಿದ್ದರೆ, ಮನೆಮದ್ದು ಮಾಡುತ್ತ ಕೂಡಬಾರದು. ೧೦೮ಕ್ಕೆ ಫೋನು ಮಾಡಿ, ಇಲ್ಲವೆ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಓಡಬೇಕು. ಇನ್ನೊಂದು ಬಗೆ ನಿಧಾನದ್ದು, ದಿನಗಟ್ಟಲೆ ನಡೆಯುವುದು: ಮಲದಲ್ಲಿ ರಕ್ತ, ಸಿಂಬಳದಂಥ ಲೋಳೆ, ನಿಲ್ಲದ ಬೇಧಿ, ಮತ್ತೆ ಮತ್ತೆ ವಾಂತಿ, ತುರಿಕೆಯ ಇಸಬು, ತೂಕ ಏರದಿರುವುದು. ಇದಕ್ಕೂ ಡಾಕ್ಟರರೇ ಬೇಕು. ಅವರು ಎರಡರಿಂದ ನಾಲ್ಕು ವಾರ ಹಾಲು ಬಿಡಿಸಿ ನೋಡಿ, ಮತ್ತೆ ತಮ್ಮ ಕಣ್ಣೆದುರು ಕೊಟ್ಟು ನೋಡಿ, ಖಚಿತ ಮಾಡುತ್ತಾರೆ.

ಇಲ್ಲಿ ನಾಲ್ಕು ಮಾತು ನೆನಪಿಡಿ.

ಒಂದು: ಅಲರ್ಜಿಯೆಂದು ಮೊಲೆಹಾಲು ಬಿಡಿಸಬಾರದು. ತಾಯಿ ತಿಂದ ಹಾಲಿನ ಅಂಶ ಸ್ವಲ್ಪ ಅವಳ ಹಾಲಿನಲ್ಲಿ ಬರುವುದುಂಟು. ಅದು ಕೂಸಿಗೆ ತೊಂದರೆ ಕೊಡುತ್ತಿದ್ದರೆ ಡಾಕ್ಟರರ ಮಾತಿನಂತೆ ತಾಯಿ ಹಾಲು, ಮೊಸರು, ಬೆಣ್ಣೆ, ಪನೀರು ಬಿಡಬೇಕು. ಕೂಸು ಮೊಲೆ ಬಿಡಬೇಕಾಗಿಲ್ಲ.

ಎರಡು: ಹಸುವಿನ ಬದಲು ಎಮ್ಮೆ, ಎಮ್ಮೆಯ ಬದಲು ಆಡು ಎಂದು ಬದಲಾಯಿಸಿ ಫಲವಿಲ್ಲ. ಇವುಗಳ ಪ್ರೋಟೀನು ಒಂದಕ್ಕೊಂದು ತೀರ ಹೋಲುವುದರಿಂದ ಒಂದು ಒಗ್ಗದವರಿಗೆ ಮತ್ತೊಂದೂ ಬಹುತೇಕ ಒಗ್ಗದು. ಕಾಸಿದರೆ, ನೀರು ಬೆರೆಸಿದರೆ ಅಲರ್ಜಿ ಹೋಗದು. ‘ಎ-ಟೂ’ ಹಾಲೆಂದು ಹೆಚ್ಚಿನ ಬೆಲೆಗೆ ಮಾರುವುದೂ ಇದಕ್ಕೆ ಮದ್ದಲ್ಲ. ತಾಯಿಹಾಲು ಇಲ್ಲವೇ ಇಲ್ಲವೆಂಬ ಕೂಸಿಗೆ ಪ್ರೋಟೀನನ್ನು ಚೂರುಚೂರು ಮಾಡಿದ ಬೇರೆ ಡಬ್ಬಿಯಿದೆ. ಅದರ ಬೆಲೆ ಸಾಮಾನ್ಯ ಡಬ್ಬಿಯ ಹಲವು ಪಟ್ಟು. ಡಾಕ್ಟರರು ಹೇಳದೆ ಅದನ್ನು ಕೊಳ್ಳಬೇಡಿ.

ಮೂರು: ಹಾಲಿನ ಸಕ್ಕರೆ ಅರಗದಿರುವುದು ಬೇರೆ, ಅಲರ್ಜಿ ಬೇರೆ. ನಮ್ಮಲ್ಲಿ ಎಷ್ಟೋ ದೊಡ್ಡವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಮಜ್ಜಿಗೆ ಕುಡಿದರೆ ಏನೂ ಆಗದು. ಅದು ಸಕ್ಕರೆಯ ತೊಂದರೆ. ಎಳೆಗೂಸಿನಲ್ಲಿ ಅದು ಹುಟ್ಟಿನಿಂದ ಬರುವುದು ಬಹಳ ಅಪರೂಪ. ಜೋರಾದ ಬೇಧಿಯ ನಂತರ ಕೆಲವು ದಿನ ಬಂದು ಹೋಗುವುದುಂಟು. ಸಕ್ಕರೆ ತೆಗೆದ ಹಾಲಿನಲ್ಲಿ ಪ್ರೋಟೀನು ಇದ್ದೇ ಇರುತ್ತದೆ. ಅಲರ್ಜಿಯ ಕೂಸಿಗೆ ಅದನ್ನು ಕೊಟ್ಟರೆ ಅಪಾಯ ತಪ್ಪದು.

ನಾಲ್ಕು: ಅತ್ತ ಕೂಸಿಗೆಲ್ಲ ಅಲರ್ಜಿಯಲ್ಲ. ಎಳೆಗೂಸು ಅಳುತ್ತದೆ, ಕುಡಿದ ಹಾಲು ಸ್ವಲ್ಪ ಕಕ್ಕುತ್ತದೆ, ಅದು ಸಹಜ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಕೂಸಿನ ತೂಕ ಸಾಮಾನ್ಯವಾಗಿ ಐದು ತಿಂಗಳಿಗೆ ಹುಟ್ಟಿದಾಗಿನ ಇಮ್ಮಡಿ, ವರ್ಷಕ್ಕೆ ಮುಮ್ಮಡಿ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿಸಿದರೆ ಸಂಶಯಕ್ಕೆ ಎಡೆಯೇ ಇಲ್ಲ.

ಇನ್ನೊಂದು ಸಮಾಧಾನದ ಮಾತು: ಹಾಲಿನ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿಯ ಶಿಕ್ಷೆಯಲ್ಲ. ಹೆಚ್ಚಿನ ಮಕ್ಕಳಲ್ಲಿ ಮೂರರಿಂದ ಐದು ವರ್ಷದೊಳಗೆ ತಾನೇ ಹೋಗುತ್ತದೆ. ಹೋಯಿತೋ ಇಲ್ಲವೋ ಎಂದು ಮನೆಯಲ್ಲಿ ಪರೀಕ್ಷೆ ಮಾಡಬಾರದು, ಅಷ್ಟೆ.

ಹಾಲು ಎಲ್ಲೆಲ್ಲಿ ಅಡಗಿದೆ ಎಂಬುದನ್ನು ಹೋಟೆಲಿನವರಷ್ಟು ಬಲ್ಲವರು ಯಾರಿದ್ದಾರೆ? ರವೆ ಇಡ್ಲಿಯಲ್ಲಿ ಮೊಸರು, ದೋಸೆಯ ಮೇಲೆ ಬೆಣ್ಣೆ, ಉಪ್ಪಿಟ್ಟಿಗೆ, ಶಿರಾಕ್ಕೆ ತುಪ್ಪ, ಪಾವ್-ಭಾಜಿಗೆ ಬೆಣ್ಣೆ, ಜಾಮೂನಿಗೆ ಖೋವಾ, ಬಿಸ್ಕೀಟಿನಲ್ಲಿ, ಕೆಲವು ಬ್ರೆಡ್ಡಿನಲ್ಲಿ ಹಾಲಿನ ಪುಡಿ. ಮಿಶಿನ್ನಿನ ಕಾಫಿಗೆ ಹಾಕುವ, ‘ಹಾಲಿಲ್ಲದ್ದು’ ಎಂದು ಮಾರುವ ಬಿಳಿ ಪುಡಿಯಲ್ಲಿಯೂ ಹಾಲಿನ ಕೇಸೀನ್ ಇರುವುದುಂಟು. ೨೦೨೦ರ ಆಹಾರ ಲೇಬಲ್ಲಿನ ನಿಯಮದಂತೆ ಪೊಟ್ಟಣದ ಆಹಾರದಲ್ಲಿ ಹಾಲಿದ್ದರೆ ಅಲರ್ಜಿಯ ಸೂಚನೆಯಲ್ಲಿ ಬರೆಯಲೇಬೇಕು. ಓದಲು ಬರುವವರು ಓದಿ ಹೇಳಿ. ಇದರ ಜೊತೆಗೇ ನಮ್ಮ ಕೆಲಸದ ಧರ್ಮವೂ ಇದೆ. ಮಗುವನ್ನು ಎತ್ತಿಕೊಂಡ ಗಿರಾಕಿ “ಇದರಲ್ಲಿ ಹಾಲು, ತುಪ್ಪ ಇದೆಯೆ?” ಎಂದು ಕೇಳಿದರೆ, ಗಡಿಬಿಡಿಯಲ್ಲಿ “ಇಲ್ಲ ಸಾಹೇಬರೇ” ಎಂದುಬಿಡಬೇಡಿ. ಭಟ್ಟರನ್ನು ಕೇಳಿ ಬಂದು ಹೇಳಿ. ನಿಮ್ಮ ಒಂದು ಮಾತಿನ ಮೇಲೆ ಒಂದು ಕೂಸಿನ ಉಸಿರು ನಿಂತಿರುತ್ತದೆ.

ಆರು ತಿಂಗಳ ಮೇಲಿನ ಊಟ

“ಹಾಲಿಲ್ಲದೆ ಮಗು ಬೆಳೆದೀತೆ?” ಬೆಳೆಯುತ್ತದೆ. ನೂರು ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು ೧೨೦ ಮಿಲಿಗ್ರಾಂ ಸುಣ್ಣದ ಸತ್ವವಿದ್ದರೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಇದೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ ಮಾಡುವ ಸರಿ, ನಮ್ಮ ಕರಾವಳಿಯವರ ಮಣ್ಣಿ, ಇವೆಲ್ಲ ಅಜ್ಜಿಯರ ಕೈಯ ವಿದ್ಯೆ. ಇಂದಿನ ಶಾಸ್ತ್ರವೂ ಅದನ್ನು ಮೆಚ್ಚುತ್ತದೆ. ಮೊಳಕೆ ಬಂದ ಹಿಟ್ಟಿನ ಗಂಜಿ ಹೆಚ್ಚು ಹಿಟ್ಟು ಹಾಕಿದರೂ ಅಂಟಾಗದು; ಕೂಸಿನ ಪುಟ್ಟ ಹೊಟ್ಟೆಯಲ್ಲಿ ಹೆಚ್ಚು ಸತ್ವ ಹಿಡಿಸುತ್ತದೆ. ಅಲರ್ಜಿಯ ಮಗುವಿಗೆ ಅದನ್ನು ಹಾಲಿಲ್ಲದೆ ನೀರಿನಲ್ಲಿ ಬೇಯಿಸಿ, ತುಪ್ಪದ ಬದಲು ತೆಂಗಿನೆಣ್ಣೆಯೋ ಶೇಂಗಾ ಎಣ್ಣೆಯೋ ಒಂದು ಚಮಚ ಹಾಕಿ.

ಆರು ತಿಂಗಳಿಗೆ ದಿನಕ್ಕೆ ಎರಡು-ಮೂರು ಸಲ, ಎರಡು-ಮೂರು ಚಮಚದಿಂದ ಆರಂಭಿಸಿ, ಒಂಬತ್ತು ತಿಂಗಳಿಗೆ ಅರ್ಧ ಬಟ್ಟಲಿನಂತೆ ದಿನಕ್ಕೆ ಮೂರು-ನಾಲ್ಕು ಸಲಕ್ಕೆ ಮುಟ್ಟಬೇಕು. ಬೇಳೆಯ ಬರಿಯ ತಿಳಿಯಲ್ಲ, ಬೇಳೆಯನ್ನೇ ಮಿದ್ದು ಅನ್ನದೊಡನೆ ಕೊಡಿ. ನುಗ್ಗೆಸೊಪ್ಪು, ಬಾಳೆಹಣ್ಣು, ಕುಂಬಳ, ಬೇಯಿಸಿದ ಮೊಟ್ಟೆ, ತಿನ್ನುವವರ ಮನೆಯಲ್ಲಿ ಮುಳ್ಳು ತೆಗೆದ ಮೀನು, ಎಲ್ಲವೂ ಆಗಬಹುದು. ವರ್ಷದವರೆಗೆ ಸಕ್ಕರೆ, ಉಪ್ಪು ಬೇಡ. ಚಹಾ ಮಾತ್ರ ಕೂಡದೇ ಕೂಡದು. ಬಸಿಯಲ್ಲಿ ಆರಿಸಿ ಕೂಸಿಗೆ ಚಹಾ ನೆಕ್ಕಿಸುವುದು ನಮ್ಮವರ ದೊಡ್ಡ ಕೆಟ್ಟ ಚಾಳಿ. ಅದು ಊಟದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ನೂರಕ್ಕೆ ೬೭ಕ್ಕೆ ರಕ್ತಹೀನತೆ ಇದೆಯೆಂದು ಅದೇ ಸಮೀಕ್ಷೆ ಹೇಳುತ್ತದೆ.

ಕೂಸಿಗಿಂತ ಮುಂಚೆ ತಾಯಿಗೆ ಉಣ್ಣಿಸಿ. ಹಾಲೂಡುವ ತಾಯಿಗೆ ದಿನಕ್ಕೆ ಒಂದು ಊಟದಷ್ಟು ಹೆಚ್ಚಿಗೆ ಬೇಕು. ಪಥ್ಯದ ಹೆಸರಿನಲ್ಲಿ ನೀರು, ಸೊಪ್ಪು, ಬೇಳೆ ನಿಲ್ಲಿಸಬಾರದು. ಊರಿಗೆ ಡಬ್ಬಿ ಕಳಿಸುವ ಗೆಳೆಯರು ಅದೇ ದುಡ್ಡನ್ನು ಬಾಣಂತಿಯ ಬೇಳೆ, ಮೊಟ್ಟೆ, ಹಣ್ಣಿಗೆಂದು ಕಳಿಸಲಿ. ಅದೇ ದುಡ್ಡು ಹಾಲಾಗಿ ಕೂಸಿನ ಬಾಯಿಗೆ ಸೇರುತ್ತದೆ.

ಹಾಲು ಇದೆ, ಹೊತ್ತು ಇಲ್ಲ

ಈಗ ಸಂಘದ ಮಾತು. ನಾವು ಹೇಳಿದ ಆ ಮನೆಯ ಕಥೆಯನ್ನು ಮತ್ತೆ ನೋಡಿ. ತಾಯಿಯಲ್ಲಿ ಹಾಲಿರಲಿಲ್ಲವೆ? ಇತ್ತು. ತಿಳಿವಳಿಕೆ ಇರಲಿಲ್ಲವೆ? ಅದೂ ಇತ್ತು. ಇಲ್ಲದ್ದು ರಜೆ. ನಮ್ಮ ಹೆಣ್ಣುಮಕ್ಕಳ ಹಾಲು ಬತ್ತುವುದು ಬಹಳ ಸಲ ಕೆಲಸದ ಗಡಿಯಾರದಿಂದ.

ಈ ಊರಿನ ಮಿಲ್ಲುಗಳ ಕಾಲದಲ್ಲಿಯೂ ಇದೇ ಗೋಳಿತ್ತು. ೧೯೨೦ರ ಸುಮಾರಿನಲ್ಲಿ ಮಿಲ್ಲಿಗೆ ಹೋಗುವ ತಾಯಂದಿರು, ಕೂಸು ಅಳದೆ ಮಲಗಿರಲಿ ಎಂದು ಅಫೀಮಿನ ಗುಳಿಗೆ ನುಂಗಿಸಿ ಹೋಗುತ್ತಿದ್ದರು. ಕೆಟ್ಟ ತಾಯಂದಿರಾದ್ದರಿಂದಲ್ಲ, ಬೇರೆ ದಾರಿ ಇಲ್ಲದ್ದರಿಂದ. ಆ ಗೋಳನ್ನು ಕಂಡು ಹೋರಾಡಿದವರಿಂದ ೧೯೨೯ರಲ್ಲಿ ಮುಂಬಯಿ ಪ್ರಾಂತದ ಹೆರಿಗೆ ಸೌಲಭ್ಯದ ಕಾನೂನು ಬಂತು. ಅದಕ್ಕಾಗಿ ಶಾಸನಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು ಮಾತನಾಡಿದ್ದರು. ಮುಂದೆ ೧೯೪೮ರ ಕಾರ್ಖಾನೆ ಕಾನೂನಿನಿಂದ ಮಿಲ್ಲುಗಳಲ್ಲಿ ಪಾಳಣಾಘರಗಳು ನಡೆದವು. ೧೯೮೨ರ ಮುಷ್ಕರದ ನಂತರ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ತೊಟ್ಟಿಲುಗಳೂ ಹೋದವು. ಅಲ್ಲಿ ದುಡಿದವರ ಸೊಸೆಯಂದಿರು, ಹೆಣ್ಣುಮಕ್ಕಳು ಇಂದು ಅಡುಗೆಮನೆಗಳಲ್ಲಿ, ಮನೆಗೆಲಸದಲ್ಲಿ, ಹಪ್ಪಳದ ಕೆಲಸದಲ್ಲಿ ಇದ್ದಾರೆ.

ಕಾನೂನು ಇಲ್ಲವ��? ಇದೆ. ೧೯೬೧ರ ಹೆರಿಗೆ ಸೌಲಭ್ಯದ ಕಾನೂನನ್ನು ೨೦೧೭ರಲ್ಲಿ ತಿದ್ದಿ, ಮೊದಲ ಎರಡು ಮಕ್ಕಳಿಗೆ ೨೬ ವಾರದ ಪಗಾರಿ ರಜೆ ಕೊಟ್ಟಿದ್ದಾರೆ. ೨೦೨೦ರ ಸಾಮಾಜಿಕ ಭದ್ರತೆಯ ಸಂಹಿತೆಯಲ್ಲಿಯೂ ಅದು ಹಾಗೆಯೇ ಉಳಿದಿದೆ. ಹತ್ತು ಜನ ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಹೋಟೆಲಿಗೂ ಇದು ಅನ್ವಯ. ಹೆರಿಗೆಗೆ ಮುಂಚಿನ ವರ್ಷದಲ್ಲಿ ೮೦ ದಿನ ದುಡಿದಿದ್ದರೆ ಸಾಕು. ಕೆಲಸಕ್ಕೆ ಮರಳಿದ ಮೇಲೆ ಕೂಸಿಗೆ ೧೫ ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಲು ಬಿಡುವು. ೫೦ ಜನರಿರುವಲ್ಲಿ ಕೂಸಿನ ಮನೆ. ೨೬ ವಾರವೆಂದರೆ ಆರು ತಿಂಗಳು. ಡಾಕ್ಟರರು ಬರಿಯ ತಾಯಿಹಾಲು ಕೊಡಿ ಎನ್ನುವುದೂ ಆರು ತಿಂಗಳೇ. ಲೆಕ್ಕ ಸರಿಯಾಗಿದೆ, ಕಾಗದದ ಮೇಲೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹೆಣ್ಣಿಗೆ ೨೬ ವಾರವೂ ಇಲ್ಲ, ೨೬ ದಿನವೂ ಇಲ್ಲ. ಆದಕಾರಣ ಮೊದಲ ಕೆಲಸ, ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ಅಕ್ಕಂದಿರ ಹೆಸರು ಪುಸ್ತಕಕ್ಕೆ ಏರಿಸುವುದು. ಅವರ ಕೂಸಿನ ಹಾಲು ಆ ಪುಸ್ತಕದಲ್ಲಿದೆ.

ಗಂಡಸರಿಗೂ ಕೆಲಸವಿದೆ. ಹೊರಗೆ ದುಡಿಯುವ ತಾಯಿ ಹಾಲು ಹಿಂಡಿ, ಕುದಿಸಿ ಒಣಗಿಸಿದ ಸ್ಟೀಲಿನ ಮುಚ್ಚಳದ ಪಾತ್ರೆಯಲ್ಲಿಟ್ಟು ಹೋಗಬಹುದು. ತಂಪಾದ ಜಾಗದಲ್ಲಿ ನಾಲ್ಕು ತಾಸು, ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೆ ಅದು ಕೆಡದು. ಬೇಸಿಗೆಯ ಸೆಕೆಯಲ್ಲಿ ಹೊರಗೆ ಅಷ್ಟು ಹೊತ್ತು ಇಡಬಾರದು. ಅದನ್ನು ಕಾಸಬಾರದು, ಬಿಸಿನೀರಿನಲ್ಲಿ ಪಾತ್ರೆಯಿಟ್ಟು ಬೆಚ್ಚಗೆ ಮಾಡಿ, ಒಳಲೆಯಿಂದಲೋ ಚಮಚದಿಂದಲೋ ಕುಡಿಸಬೇಕು. ಇದನ್ನು ಕುಡಿಸಲು ತಂದೆಗೆ ಬರುವುದಿಲ್ಲವೆ? ನೂರು ಟೇಬಲ್ಲಿಗೆ ತುಳುಕಿಸದೆ ಕಾಫಿ ಒಯ್ಯುವ ಕೈಗೆ ಒಂದು ಒಳಲೆ ಭಾರವೇ?

ಸಂಘದ ಮುಂದೆ ನಾವು ಇಡುವ ಸಲಹೆ ಮೂರೇ. ಬಾಣಂತಿಯ ಮನೆಯವನಿಗೆ ಮೊದಲ ತಿಂಗಳು ರಾತ್ರಿಯ ಪಾಳಿ ಬದಲಿಸಿಕೊಡಲು ಸಹಕೆಲಸಗಾರರು ಒಪ್ಪಬೇಕು. ಪ್ರತಿ ಹೋಟೆಲಿನಲ್ಲಿ ಹಾಲೂಡುವ ತಾಯಿಗೆ ಕದವಿರುವ ಒಂದು ಮೂಲೆ, ಕಾನೂನಿನ ಬಿಡುವು, ಇವು ಮುಂದಿನ ಬೇಡಿಕೆಪಟ್ಟಿಯಲ್ಲಿ ಸೇರಬೇಕು. ಮೊದಲ ಕೂಸಿಗೆ ಸರಕಾರ ಕೊಡುವ ೫೦೦೦ ರೂಪಾಯಿಯ ಮಾತೃವಂದನಾ ಹಣ, ಎರಡನೆಯದು ಹೆಣ್ಣಾದರೆ ಸಿಗುವ ೬೦೦೦ ರೂಪಾಯಿ, ಇವುಗಳ ಅರ್ಜಿಯನ್ನು ಸಂಘದ ಕಚೇರಿಯಲ್ಲಿಯೇ ತುಂಬಿಸಿಕೊಡಬೇಕು. ಈ ಕೊನೆಯ ಕೆಲಸಕ್ಕೆ ನಾವೇ ಭಾನುವಾರ ಸಾಯಂಕಾಲ ಕೂಡುತ್ತೇವೆ, ಕಾಗದ-ಪತ್ರ ತನ್ನಿ.

ಪಗಾರ ಹೆಚ್ಚಿಸಿ ಎಂದು ನಾವು ಕೂಗುವುದು ಯಾರಿಗಾಗಿ? ಮನೆಯ ಮಕ್ಕಳಿಗಾಗಿ. ಆ ಮಗುವಿನ ಮೊದಲ ಊಟಕ್ಕೆ ದುಡ್ಡು ಬೇಡ. ಅದರ ತಾಯಿಗೆ ಹೊತ್ತು ಬೇಕು, ಅನ್ನ ಬೇಕು. ಅಷ್ಟನ್ನು ಕೊಡಿಸಲಾರದ ಸಂಘ ಸಂಘವಲ್ಲ. ಹಾಲು ಒಗ್ಗದ ಕೂಸಿಗಂತೂ ತಾಯಿಹಾಲು ಬರಿಯ ಊಟವಲ್ಲ, ಪ್ರಾಣವೇ ಹೌದು.